ಇಲಿ ಹೃದಯದ ಗಾಯ ನೋಡಲು: ಮ್ಯಾಸನ್ ಕಿಟ್ಟೋ, ಪಿಕ್ರೊಸಿರಿಯಸ್ ರೆಡ್ಡೋ?

ಎರಡೂ ಹೃದಯದ ತೆಳು ಚೂರಿಗೆ ಹಾಕುವ ಬಣ್ಣಗಳು, ಗಾಯದ ಕಲೆಯನ್ನು ಸ್ನಾಯುವಿನಿಂದ ಬೇರೆ ಮಾಡಿ ತೋರಿಸುತ್ತವೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಕ್ರೊಸಿರಿಯಸ್ ರೆಡ್‌ಗೆ. ಹೋದ ಮಳೆಗಾಲದಲ್ಲಿ ರೆಡಿಮೇಡ್ ಮ್ಯಾಸನ್ ಟ್ರೈಕ್ರೋಮ್ ಕಿಟ್ ತರಿಸಿ ಎರಡು ವಾರ ಒದ್ದಾಡಿದ್ದೇನೆ.

ನಾನು ಬೆಳಗಾವಿಯಲ್ಲಿ ಹಿಸ್ಟಾಲಜಿ ಟೆಕ್ನಿಷಿಯನ್, ಅಂದರೆ ಅಂಗಾಂಶ ಕತ್ತರಿಸಿ, ಬಣ್ಣ ಹಾಕಿ ಸ್ಲೈಡ್ ಮಾಡುವವ. ಬೇರೆ ಊರಿನ ಲ್ಯಾಬಿನಿಂದ ಇಲಿ ಹೃದಯದ ಪ್ಯಾರಾಫಿನ್ ಬ್ಲಾಕ್‌ಗಳು (ಮೇಣದಲ್ಲಿ ಹುದುಗಿಸಿದ ಹೃದಯ) ಬರುತ್ತವೆ. ಎಲ್ಲಾ ಗಂಡು ಇಲಿಗಳು, ಹೃದಯಕ್ಕೆ ಉರಿಯೂತ ತರುವ ಕಾಕ್ಸಾಕಿ ಬಿ3 ವೈರಸ್ ಕೊಟ್ಟವು. ಹೆಣ್ಣಿಗಿಂತ ಗಂಡಿಗೆ ಈ ವೈರಸ್ಸಿನ ಪೆಟ್ಟು ಜಾಸ್ತಿ. ಮೊದಲ ಕೆಲವು ದಿನ ವೈರಸ್ಸೇ ಸ್ನಾಯುಕೋಶಗಳನ್ನು ಕೊಲ್ಲುತ್ತದೆ. ಕೋಶಕ್ಕೆ ಬಲ ಕೊಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ವೈರಸ್ಸಿನ 2ಎ ಎಂಬ ಕಿಣ್ವ ಕತ್ತರಿಸುತ್ತದೆ. ವಾರದ ಹೊತ್ತಿಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ಅವು ವೈರಸ್ಸನ್ನು ಹೊಡೆಯುವಾಗ ಹೃದಯಕ್ಕೂ ಏಟು ಬೀಳುತ್ತದೆ. ಆಮೇಲೆ ಸತ್ತ ಸ್ನಾಯುವಿನ ಜಾಗದಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬಿಕೊಳ್ಳುತ್ತದೆ, ಅದೇ ಕಲೆ. ಅದು ಎಷ್ಟಿದೆ ಅಂತ ಅಳೆಯುವುದಕ್ಕೇ ಈ ಬಣ್ಣಗಳು. ಏಳನೇ ದಿನದ ಹೃದಯದಲ್ಲಿ ನೋಡುವುದು ಬಿಳಿ ರಕ್ತಕಣಗಳನ್ನು, ಅದಕ್ಕೆ ಮಾಮೂಲಿ ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೊಸಿನ್ ಎಂಬ ಎರಡು ಬಣ್ಣ) ಸಾಕು.

ಮ್ಯಾಸನ್‌ನಲ್ಲಿ ಸ್ನಾಯು ಕೆಂಪು, ಕೊಲಾಜೆನ್ ನೀಲಿ ಆಗಬೇಕು. ಅಲ್ಲಿ ನನ್ನನ್ನು ಸತಾಯಿಸಿದ್ದು ನೀರು. ಫಾರ್ಮಲಿನ್‌ನಲ್ಲಿಟ್ಟ ಹೃದಯದ ಸೆಕ್ಷನ್ನುಗಳನ್ನು (ತೆಳು ಚೂರುಗಳನ್ನು) 56 ಡಿಗ್ರಿ ಬಿಸಿಯ ಬೂಯಿನ್ ಎಂಬ ಹಳದಿ ದ್ರಾವಣದಲ್ಲಿ ಒಂದು ತಾಸು ಇಡಬೇಕು. ಆಮೇಲೆ ಆ ಹಳದಿ ಪೂರ್ತಿ ಹೋಗುವವರೆಗೆ ಹರಿಯುವ ನೀರಲ್ಲಿ ತೊಳೆಯಬೇಕು. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಡ್ರಮ್ಮಿನ ನೀರು ಬದಲಿಸಿ ಬದಲಿಸಿ ತೊಳೆದೆ. ಹಳದಿ ಉಳಿಯಿತು, ಕೆಂಪು ಮಂಕಾಯಿತು.

ಅದರ ಮೇಲೆ ಫಾಸ್ಫೊಮಾಲಿಬ್ಡಿಕ್ ಆಸಿಡ್ಡಿನ ಹಂತ. ಸ್ವಲ್ಪ ಬೇಗ ತೆಗೆದರೆ ಕೊಲಾಜೆನ್ ಕೆಂಪು ಬಿಡುವುದಿಲ್ಲ, ನೀಲಿ ಹತ್ತುವುದಿಲ್ಲ. ಒಂದೇ ಬ್ಲಾಕಿನ ಸೆಕ್ಷನ್ನುಗಳನ್ನು ಮೂರು ಸಲ ಮಾಡಿದೆ. ಮೂರು ಸಲವೂ ಬೇರೆ ಬೇರೆ ನೀಲಿ. ಸಾಫ್ಟ್‌ವೇರ್ ಲೆಕ್ಕ ಹಾಕುವುದೇ ಆ ನೀಲಿಯನ್ನು ನೋಡಿ. ಯಾವುದನ್ನು ನಂಬಬೇಕು? ಒಂದೊಂದು ಬ್ಲಾಕಿನ ಹಿಂದೆ ಒಂದು ಜೀವ ಹೋಗಿದೆ. ಸುಮ್ನೆ ಹಾಳು ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಪಿಕ್ರೊಸಿರಿಯಸ್ ರೆಡ್‌ನಲ್ಲಿ ಒಂದು ತಾಸು ಬಣ್ಣ, ಎರಡು ಸಲ ಅಸಿಟಿಕ್ ಆಸಿಡ್ ಬೆರೆಸಿದ ನೀರು, ಆಲ್ಕೋಹಾಲ್, ಜೈಲೀನ್. ಮುಗಿಯಿತು. ಬರೀ ನೀರು ತಾಗಿದರೆ ಕೆಂಪು ಹೋಗುತ್ತದೆ, ಹಾಗಾಗಿ ನಳದ ಚಿಂತೆಯೇ ಇಲ್ಲ. ಕೊಲಾಜೆನ್ ಕೆಂಪು, ಸ್ನಾಯು ಹಳದಿ. ಮ್ಯಾಸನ್‌ನಲ್ಲಿ ಕಾಣದ ಸಣ್ಣ ಎಳೆಗಳೂ ಇದರಲ್ಲಿ ಕಂಡವು.

ಒಂದು ಎಚ್ಚರ: ಈ ಬಣ್ಣವನ್ನು ಕರಗಿಸುವ ಪಿಕ್ರಿಕ್ ಆಸಿಡ್ ಯಾವತ್ತೂ ಒಣಗಬಾರದು. ಒಣಗಿದರೆ ಏಟು, ತಿಕ್ಕಾಟಕ್ಕೆ ಸಿಡಿಯಬಹುದು. ಬಾಟಲಿಯ ಬಾಯಿ, ಮುಚ್ಚಳ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ.

ಚಿತ್ರಕ್ಕೆ ಮ್ಯಾಸನ್ ಛಲೋ. ಕಪ್ಪು ನ್ಯೂಕ್ಲಿಯಸ್, ಕೆಂಪು ಸ್ನಾಯು, ನೀಲಿ ಕಲೆ, ಒಂದೇ ನೋಟಕ್ಕೆ ತಿಳಿಯುತ್ತದೆ. ದಿನವಿಡೀ ನೀರಿದ್ದು, ಪ್ರತಿ ಸಲ ಕಿಟ್ ಕೊಳ್ಳುವ ದುಡ್ಡಿದ್ದರೆ ಅದನ್ನೇ ಮಾಡಿ. ನಮ್ಮ ಬಜೆಟ್ ಅಷ್ಟಿಲ್ಲ. ಸಿರಿಯಸ್ ರೆಡ್ ಪುಡಿ 100 ಮಿ.ಲೀ. ಪಿಕ್ರಿಕ್ ಆಸಿಡ್ ದ್ರಾವಣಕ್ಕೆ 0.1 ಗ್ರಾಂ ಹಾಕಿದರೆ ಸಾಕು, ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಉಳಿದ ಮ್ಯಾಸನ್ ಕಿಟ್ಟನ್ನು ನೀರು ಬಿಡುವ ದಿನ ಮಾತ್ರ ತೆಗೆಯುತ್ತೇನೆ, ಫೋಟೋಗೆ ಬೇಕಾದ ಒಂದೆರಡು ಸ್ಲೈಡಿಗೆ.