ಪಿಎಸ್ಎಡಿಟಿ ಜೊತೆ ಏಳು ವರ್ಷ: ಹಾಕೋದು ಸಲೀಸು, ತೆಗೆಯೋದೇ ತಲೆನೋವು

ಬೆಂಗಳೂರಿನಲ್ಲಿ ಕೂತು ಎಲ್ಲೆಲ್ಲೋ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಿಂದ ಹಳೆಯ ಸಾಫ್ಟ್‌ವೇರ್ ಕಿತ್ತು ಹೊಸದನ್ನು ಕೂರಿಸುವುದು ನನ್ನ ಕೆಲಸ. ಅದಕ್ಕೆ ಏಳು ವರ್ಷದಿಂದ ಬಳಸುತ್ತಿರುವುದು ಪವರ್‌ಶೆಲ್ ಆ್ಯಪ್ ಡಿಪ್ಲಾಯ್‌ಮೆಂಟ್ ಟೂಲ್‌ಕಿಟ್, ಅಂದರೆ ಪಿಎಸ್ಎಡಿಟಿ. ವಿಂಡೋಸ್‌ನ ಪವರ್‌ಶೆಲ್ ಸ್ಕ್ರಿಪ್ಟ್ ಬರೆದು ಸಾಫ್ಟ್‌ವೇರ್ ಹಾಕಲು, ತೆಗೆಯಲು ನೆರವಾಗುವ ಸಲಕರಣೆ ಇದು. 2013ರಲ್ಲಿ ಬಂದದ್ದು, ಓಪನ್ ಸೋರ್ಸ್, ಕಾಸು ಕೊಡಬೇಕಿಲ್ಲ. ಇನ್‌ಸ್ಟಾಲ್ ವಿಷಯದಲ್ಲಿ ದೂರೇ ಇಲ್ಲ. ಹಾಗಾಗಿ ಇಲ್ಲಿ ಅನ್‌ಇನ್‌ಸ್ಟಾಲ್ ಬಗ್ಗೆ ಮಾತ್ರ ಬರೆಯುತ್ತೇನೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಲಾಗ್, ಅಂದರೆ ಏನೇನು ನಡೆಯಿತೆಂದು ಬರೆದಿಡುವ ಫೈಲ್. ಸಿ ಡ್ರೈವ್‌ನ ವಿಂಡೋಸ್ ಒಳಗೆ ಲಾಗ್ಸ್, ಅದರೊಳಗೆ ಸಾಫ್ಟ್‌ವೇರ್ ಫೋಲ್ಡರ್. ಟೂಲ್‌ಕಿಟ್‌ನ ಲಾಗ್ ಒಂದು, ಎಂಎಸ್ಐನ (ವಿಂಡೋಸ್‌ನದೇ ಇನ್‌ಸ್ಟಾಲರ್ ಪ್ಯಾಕೇಜ್) ವಿವರವಾದ ಲಾಗ್ ಇನ್ನೊಂದು, ಎರಡೂ ಅಲ್ಲೇ ಸಿಗುತ್ತವೆ. ಕೆಲಸ ಕೆಟ್ಟಿತು ಎನ್ನುವ 1603 ದೋಷ ಸಂಖ್ಯೆ ಬಂದರೆ ಎಂಎಸ್ಐ ಲಾಗ್ ತೆರೆದು ‘ರಿಟರ್ನ್ ವ್ಯಾಲ್ಯೂ 3’ ಹುಡುಕಿ, ಅದರ ಮೇಲಿನ ಹತ್ತಿಪ್ಪತ್ತು ಸಾಲು ಓದಿದರೆ ಬಹುಪಾಲು ಕಾರಣ ಸಿಕ್ಕಿಬಿಡುತ್ತದೆ. ಬೇರೊಂದು ಇನ್‌ಸ್ಟಾಲ್ ನಡೆಯುತ್ತಿದ್ದರೆ 1618 ಎಂಬ ದೋಷ ಕೊಟ್ಟು ಕೈಚೆಲ್ಲದೆ ಹತ್ತು ನಿಮಿಷದವರೆಗೆ ತಾನೇ ಕಾಯುತ್ತದೆ. ಬರೀ ಬ್ಯಾಚ್ ಫೈಲ್ ಬರೆದು ಒದ್ದಾಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ಎಕ್ಸಿಟ್ ಕೋಡ್ ಸೊನ್ನೆ (ಕೆಲಸ ಸರಿಯಾಗಿ ಮುಗಿಯಿತು ಎಂಬ ಸಂಕೇತ) ಬಂತು ಅಂತ ಚಹಾ ಕುಡಿಯೋಕೆ ಎದ್ದು ಹೋಗಬೇಡಿ. ನಾನು ಹೋಗಿದ್ದೆ. ಪೈಥಾನ್ 3.8 ತೆಗೆಯಬೇಕಿತ್ತು. ರಿಮೂವ್-ಎಂಎಸ್ಐಅಪ್ಲಿಕೇಶನ್ಸ್ ಕಮಾಂಡ್‌ಗೆ ‘ಪೈಥಾನ್ 3.8’ ಅಂತ ಹೆಸರು ಕೊಟ್ಟು ಬಿಟ್ಟೆ. ಪೈಥಾನ್ ಇನ್‌ಸ್ಟಾಲರ್ ಒಂದು ಬಂಡಲ್: ಹೊರಗೆ ಇಎಕ್ಸ್ಇ, ಒಳಗೆ ಹಲವು ಎಂಎಸ್ಐ ಮರಿಗಳು. ಹೆಸರಿನಲ್ಲಿ ಆ ಪದಗಳು ಎಲ್ಲಿದ್ದರೂ ಈ ಕಮಾಂಡ್ ಹಿಡಿಯುತ್ತದೆ. ಮರಿಗಳೆಲ್ಲ ಹೋದವು. ತಾಯಿಗೆ, ಅಂದರೆ ಹೊರಗಿನ ಇಎಕ್ಸ್ಇಗೆ, ಎಂಎಸ್ಐ ಪ್ರಾಡಕ್ಟ್ ಕೋಡ್ (ಎಂಎಸ್ಐನ ಗುರುತು) ಇಲ್ಲವಲ್ಲ, ಕಮಾಂಡ್ ಅದನ್ನು ದಾಟಿಕೊಂಡು ಮುಂದೆ ಹೋಯಿತು. ದಾಟಿದೆ ಅಂತ ಲಾಗ್‌ನಲ್ಲಿ ಬರೆದೂ ಇತ್ತು, ಓದದವನು ನಾನು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪೈಥಾನ್ ಇನ್ನೂ ಕಾಣುತ್ತಿದೆ, ಓಡಿಸಿದರೆ ಏನೂ ಇಲ್ಲ! ಕೊನೆಗೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಅನ್‌ಇನ್‌ಸ್ಟಾಲ್ ಕೀಲಿಯಲ್ಲಿದ್ದ ಕ್ವಯಟ್‌ಅನ್‌ಇನ್‌ಸ್ಟಾಲ್‌ಸ್ಟ್ರಿಂಗ್, ಅಂದರೆ ಸದ್ದಿಲ್ಲದೆ ತೆಗೆಯುವ ಕಮಾಂಡ್, ಓದಿ, ಆ ಬಂಡಲ್ ಇಎಕ್ಸ್ಇಯನ್ನೇ ಓಡಿಸಿದ ಮೇಲೆ ಸರಿಹೋಯಿತು. ಈಗ ತೆಗೆಯುವ ಮುಂಚೆ ಯಾವುದೆಲ್ಲ ಹೊಂದುತ್ತದೆ ಎಂದು ಪಟ್ಟಿ ತೆಗೆದು ನೋಡುತ್ತೇನೆ.

ಎನ್ಎಸ್ಐಎಸ್ (ಇನ್‌ಸ್ಟಾಲರ್ ತಯಾರಿಸುವ ಇನ್ನೊಂದು ಸಾಧನ) ಅನ್‌ಇನ್‌ಸ್ಟಾಲರ್‌ಗಳದು ಇನ್ನೊಂದು ಆಟ. ಪರದೆಯಲ್ಲಿ ಏನೂ ಕೇಳದೆ ಓಡಿಸುವ ಸೈಲೆಂಟ್ ಸ್ವಿಚ್‌ಗೆ ದೊಡ್ಡಕ್ಷರದ ಎಸ್ಸೇ (/S) ಆಗಬೇಕು, ಚಿಕ್ಕದಾದರೆ ಕೇಳುವುದಿಲ್ಲ. ಅದು ತನ್ನದೊಂದು ನಕಲನ್ನು ಟೆಂಪ್ ಫೋಲ್ಡರ್‌ಗೆ ಹಾಕಿ, ಆ ನಕಲಿಗೆ ಕೆಲಸ ಒಪ್ಪಿಸಿ, ತಾನು ಸೊನ್ನೆ ಕೊಟ್ಟು ಜಾಗ ಖಾಲಿ ಮಾಡುತ್ತದೆ. ಟೂಲ್‌ಕಿಟ್ ಮುಗಿಯಿತೆಂದುಕೊಂಡು ಹೊಸ ವರ್ಷನ್ ಹಾಕಲು ಶುರುಮಾಡುತ್ತದೆ, ಹಿಂದಿನಿಂದ ಆ ನಕಲು ಅದೇ ಫೋಲ್ಡರ್ ಅಳಿಸುತ್ತಿರುತ್ತದೆ. ಒಂದು ವಿಡಿಯೊ ಪ್ಲೇಯರ್ ವಿಷಯದಲ್ಲಿ ಇದನ್ನು ಕಂಡುಹಿಡಿಯಲು ನನಗೆ ಎರಡು ದಿನ ಹಿಡಿಯಿತು. ಕಮಾಂಡ್‌ನ ಕಟ್ಟಕಡೆಗೆ _?= ಬರೆದು, ಇನ್‌ಸ್ಟಾಲ್ ಆದ ಫೋಲ್ಡರ್‌ನ ದಾರಿಯನ್ನು ಉದ್ಧರಣ ಚಿಹ್ನೆ ಇಲ್ಲದೆ ಕೊಟ್ಟರೆ ನಕಲು ಮಾಡದೆ ಇದ್ದಲ್ಲೇ ಕೆಲಸ ಮುಗಿಸುತ್ತದೆ. ಉಳಿದ ಅನ್‌ಇನ್‌ಸ್ಟಾಲರ್ ಫೈಲನ್ನು ನಾವೇ ಅಳಿಸಬೇಕು, ಅಷ್ಟೆ.

ಮೂಲ ಫೈಲ್ ಸಿಗುತ್ತಿಲ್ಲ ಎನ್ನುವ 1612 ದೋಷ ಬಂದರೆ ಯಾರೋ ಜಾಗ ಉಳಿಸಲು ಹೋಗಿ ವಿಂಡೋಸ್‌ನ ಇನ್‌ಸ್ಟಾಲರ್ ಫೋಲ್ಡರ್‌ನಿಂದ ಎಂಎಸ್ಐ ಅಳಿಸಿರುವ ಸಾಧ್ಯತೆ ಹೆಚ್ಚು. ಅದೇ ವರ್ಷನ್‌ನ ಮೂಲ ಎಂಎಸ್ಐ ಹುಡುಕಿ ತರದೆ ಗತಿಯಿಲ್ಲ.

2024ರ ನವೆಂಬರ್‌ನಲ್ಲಿ ಬಂದ ನಾಲ್ಕನೇ ಆವೃತ್ತಿಯ ಅನ್‌ಇನ್‌ಸ್ಟಾಲ್-ಎಡಿಟಿಅಪ್ಲಿಕೇಶನ್ ಇಎಕ್ಸ್ಇಗಳನ್ನೂ ತೆಗೆಯುತ್ತದೆ. ಇದು ಮೊದಲೇ ಇದ್ದಿದ್ದರೆ ಪೈಥಾನ್ ಪ್ರಸಂಗ ನಡೆಯುತ್ತಿರಲಿಲ್ಲವೇನೋ. ಆದರೆ ಕಮಾಂಡ್‌ಗಳ ಹೆಸರನ್ನೆಲ್ಲ ಬದಲಿಸಿದ್ದಾರೆ. ಹಳೆಯ ಸ್ಕ್ರಿಪ್ಟ್ ಓಡಲು ದಾರಿ ಇಟ್ಟಿದ್ದಾರೆ, ನಿಜ. ಆದರೂ ಬೆರಳಿಗೆ ಅಂಟಿದ ಅಭ್ಯಾಸ ಬಿಡಬೇಕಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಕೊಟ್ಟದ್ದು ಬಳಕೆದಾರರು ತಮ್ಮ ಆ್ಯಪ್‌ಡೇಟಾದಲ್ಲಿ (ಪ್ರತಿ ಬಳಕೆದಾರರಿಗೂ ಇರುವ ಸ್ವಂತ ಫೋಲ್ಡರ್) ತಾವೇ ಹಾಕಿಕೊಂಡ ಸಾಫ್ಟ್‌ವೇರ್‌ಗಾಗಿ. ಸ್ಕ್ರಿಪ್ಟ್ ಓಡುವುದು ಬಳಕೆದಾರರದಲ್ಲದ, ವಿಂಡೋಸ್‌ನದೇ ಆದ ಸಿಸ್ಟಮ್ ಖಾತೆಯಲ್ಲಿ. ಅಲ್ಲಿಂದ ಕೇಳಿದರೆ ಎಂಎಸ್ಐ 1605 ಅನ್ನುತ್ತದೆ, ಅಂದರೆ ಅಂಥ ಪ್ರಾಡಕ್ಟೇ ಇಲ್ಲವಂತೆ. ಆ ಬಳಕೆದಾರರ ಹೆಸರಿನಲ್ಲಿ ಓಡಿಸುವ ಕಮಾಂಡ್ ಇದೆ, ಆದರೆ ಅವರು ಲಾಗಿನ್ ಆಗಿರಬೇಕು. ಅಂಥ 11 ಲ್ಯಾಪ್‌ಟಾಪ್ ನನ್ನ ಪಟ್ಟಿಯಲ್ಲಿ ಇನ್ನೂ ಕೆಂಪಗೇ ಇವೆ. ಅದರಲ್ಲಿ ಮೂವರು ರಜೆಯಲ್ಲಿದ್ದಾರೆ.