ಲ್ಯಾಟನೊಪ್ರೊಸ್ಟ್ ಹನಿ: ಒತ್ತಡ ಇಳಿಯಿತು, ರೆಪ್ಪೆ ಕಪ್ಪಾಯಿತು

ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಕಾಯಿಲೆಯಾದ ಗ್ಲಾಕೋಮಾಕ್ಕೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಔಷಧಗಳಲ್ಲಿ ಲ್ಯಾಟನೊಪ್ರೊಸ್ಟ್ ಹನಿಯೂ ಒಂದು. ಶೇ 0.005ರಷ್ಟು ಮದ್ದಿರುವ 2.5 ಮಿ.ಲೀ. ಬಾಟಲಿ, ರಾತ್ರಿ ಒಂದೇ ಹನಿ. ಕಣ್ಣಿನೊಳಗಿನ ದ್ರವ ಹೊರಗೆ ಹರಿದುಹೋಗುವುದನ್ನು ಇದು ಹೆಚ್ಚಿಸುವುದರಿಂದ ಒತ್ತಡವು ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯುತ್ತದೆ. ನನಗೂ ಇಳಿದಿದೆ, ಆ ಕೆಲಸದಲ್ಲಿ ಹೆಸರಿಡುವಂತಿಲ್ಲ.

ತಕರಾರು ಇರುವುದು ಕಣ್ಣಿನ ಹೊರಗೆ. ಕೆಲವು ತಿಂಗಳು ಬಳಸಿದ ಮೇಲೆ ಕೆಳರೆಪ್ಪೆಯ ಅಂಚಿನಿಂದ ಮೂಗಿನ ಪಕ್ಕದವರೆಗೆ ಚರ್ಮ ಕಂದುಗಪ್ಪಾಗುತ್ತ ಬಂತು. ನಾನು ಹನಿ ಹಾಕಿಕೊಳ್ಳುವುದು ಎಡಗಣ್ಣಿಗೆ ಮಾತ್ರವಾದ್ದರಿಂದ ಬಲಗಣ್ಣಿನೊಂದಿಗಿನ ವ್ಯತ್ಯಾಸ ಎದ್ದು ಕಾಣುತ್ತದೆ. ರೆಪ್ಪೆಕೂದಲೂ ಆ ಕಡೆ ಉದ್ದವಾಗಿ, ದಟ್ಟವಾಗಿ ಬೆಳೆದಿದೆ. ನಿದ್ದೆ ಸಾಲದೇ ಎಂದು ವಿಚಾರಿಸುವವರಿಗೆ, ನಿದ್ದೆಗೆಟ್ಟರೆ ಎರಡೂ ಕಣ್ಣು ಕಪ್ಪಾಗಬೇಕಲ್ಲವೇ ಎಂದು ಕೇಳುತ್ತೇನೆ.

ಈ ಮದ್ದು ಚರ್ಮದ ಬಣ್ಣದ ಕೋಶಗಳನ್ನು ಪ್ರಚೋದಿಸಿ ಮೆಲನಿನ್ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಹೆಚ್ಚುವುದು ಬಣ್ಣವೇ ಹೊರತು ಕೋಶಗಳ ಸಂಖ್ಯೆಯಲ್ಲ. ಹನಿ ನಿಲ್ಲಿಸಿದರೆ ಚರ್ಮದ ಕಪ್ಪು ಬಹುಮಂದಿಯಲ್ಲಿ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಕಣ್ಣಿನ ಐರಿಸ್‌ಗೆ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ವಲಯಕ್ಕೆ, ಏರಿದ ಬಣ್ಣ ಮಾತ್ರ ಹಿಂದಿರುಗುವುದಿಲ್ಲ ಎಂದೇ ಭಾವಿಸಬೇಕು; ಕಡುಕಂದು ಕಣ್ಣಿನವರಿಗೆ ಅದು ಗೊತ್ತಾಗುವುದೂ ಕಷ್ಟ.

ಇವೆಲ್ಲ ಜೊತೆಗೆ ಬರುವ ಹಾಳೆಯಲ್ಲಿ ಮುದ್ರಣಗೊಂಡಿವೆ, ಆದರೆ ದೃಷ್ಟಿ ಮಂದವಾಗುತ್ತಿರುವ ರೋಗಿಗಳು ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ. ಬಾಟಲಿಯ ಬಗ್ಗೆಯೂ ಅಸಮಾಧಾನವಿದೆ: ತುಸು ಜೋರಾಗಿ ಒತ್ತಿದರೆ ಎರಡು ಹನಿ ಬೀಳುತ್ತವೆ, ಕಣ್ಣು ಹಿಡಿಸಲಾಗದ ಮದ್ದು ಕೆನ್ನೆಗಿಳಿಯುತ್ತದೆ. ಆದ್ದರಿಂದ ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದು, ಹೊರಗೆ ಹರಿದದ್ದನ್ನು ಉಜ್ಜದೆ ಶುಭ್ರವಾದ ಟಿಶ್ಯೂವಿನಿಂದ ಒತ್ತಿ ತೆಗೆಯುವುದು ಒಳ್ಳೆಯದು. ಇದರಿಂದ ಕಪ್ಪು ಪೂರ್ತಿ ತಪ್ಪುತ್ತದೆಂಬ ಭರವಸೆ ಇಲ್ಲವಾದರೂ ಚರ್ಮಕ್ಕೆ ತಗಲುವ ಮದ್ದಂತೂ ಕಡಿಮೆಯಾಗುತ್ತದೆ.

ಬದಲಿ ಹುಡುಕುವವರು ಗಮನಿಸಬೇಕಾದದ್ದು: ಬಿಮ್ಯಾಟೊಪ್ರೊಸ್ಟ್, ಟ್ರಾವೊಪ್ರೊಸ್ಟ್ ಇದೇ ವರ್ಗದವು, ಅವುಗಳಿಂದಲೂ ಚರ್ಮ ಕಪ್ಪಾಗಬಹುದು. ಟಿಮೊಲಾಲ್ ಬೇರೆ ವರ್ಗದ್ದು, ಆದರೆ ಆಸ್ತಮಾ ಇರುವವರಿಗೆ, ಹೃದಯ ಬಡಿತ ನಿಧಾನವಿರುವವರಿಗೆ ಅದು ಸಲ್ಲದು. ಕನ್ನಡಿ ನೋಡಿ ಬೇಸತ್ತು ತಾವಾಗಿಯೇ ಹನಿ ನಿಲ್ಲಿಸುವುದು ಮಾತ್ರ ಬೇಡ, ಏಕೆಂದರೆ ಒತ್ತಡ ಏರಿ ದೃಷ್ಟಿನರಕ್ಕಾದ ಹಾನಿ ಸರಿಹೋಗುವುದಿಲ್ಲ. ಮದ್ದು ಬದಲಿಸುವ ಮಾತನ್ನು ವೈದ್ಯರ ಬಳಿ ಸಂಕೋಚವಿಲ್ಲದೆ ಎತ್ತಬಹುದು. ನಾನು ಎತ್ತಿ, ಚರ್ಚಿಸಿ, ಸದ್ಯಕ್ಕೆ ಇದನ್ನೇ ಮುಂದುವರಿಸಿದ್ದೇನೆ. ಮದ್ದಿಗೆ ಐದರಲ್ಲಿ ನಾಲ್ಕು ಅಂಕ. ಬಾಟಲಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ.