ಪಂಚತಂತ್ರ, ಪುಟ್ಟ ರಾಜಕುಮಾರ, ಪುಣ್ಯಕೋಟಿ: ಅಜ್ಜ-ಮೊಮ್ಮಗ ಇಬ್ರಿಗೂ ಓದಿ ನೋಡಿದ್ದು

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಪಂಚತಂತ್ರಕ್ಕೆ, ಆದ್ರೆ ಪ್ರತಿ ಕಥೆ ಕೊನೇಲಿ ಬಾಕ್ಸ್ ಹಾಕಿ "ನೀತಿ" ಅಂತ ಬರೀತಾರಲ್ಲ, ಆ ಪಂಚತಂತ್ರಕ್ಕಲ್ಲ. ಮುಂಬೈನ ಮುಲುಂಡ್‌ನಲ್ಲಿರೋ ನಮ್ಮನೇಲಿ ಎಂಟು ವರ್ಷದ ಮಗ ಇದಾನೆ, ಇಂಗ್ಲಿಷ್ ಮೀಡಿಯಂ, ಸ್ಕೂಲಲ್ಲಿ ಮರಾಠಿ ಹಿಂದಿ, ಕನ್ನಡ ಅಂದ್ರೆ ನಾವು ಹೇಳಿದ ಕಥೆ ಅಷ್ಟೇ. ಅವನ ಅಜ್ಜ, ಅಂದ್ರೆ ನಮ್ಮ ಮಾವ, ಮಾಟುಂಗಾದಲ್ಲಿದಾರೆ, ಧಾರವಾಡದ ಕಡೆಯೋರು, ಬ್ಯಾಂಕಿಂದ ರಿಟೈರ್ ಆದವರು. ಇಬ್ರಿಗೂ ಒಂದೇ ಕಥೆ ಹಿಡಿಸತ್ತಾ ನೋಡೋಣ ಅಂತ ಈ ಮೂರನ್ನ ಟ್ರೈ ಮಾಡಿದ್ವಿ. ಹಾರೋದ್ ಕಲಿಯೋ ಸೀಗಲ್ ಹಕ್ಕಿ ಕಥೆ, 1970ರದ್ದು, ಅದನ್ನೂ ಶುರು ಮಾಡಿದ್ದೆ, ಮೋಟಿವೇಶನಲ್ ಭಾಷಣ ಕೇಳ್ದಂಗಾಗಿ ಅರ್ಧಕ್ಕೇ ಬಿಟ್ವಿ.

ಪುಣ್ಯಕೋಟಿ ಮಾವನ ಡಿಪಾರ್ಟ್‌ಮೆಂಟು. ಓದಿದ್ರೆ ಏನೂ ಆಗಲ್ಲ, ಅವರು ರಾಗವಾಗಿ ಹಾಡಿದ್ರೆ ಮಾತ್ರ ಮನೆ ಗಪ್‌ಚಿಪ್. ಹುಲಿ ಹಾರಿ ಪ್ರಾಣ ಬಿಟ್ಟಲ್ಲಿ ಮಗ, "ಅದ್ಯಾಕೆ ಸಾಯ್ಬೇಕಿತ್ತು ಅಜ್ಜಾ, ಬಿಟ್ಬಿಟ್ತಲ್ಲ ಹಸೂನ?" ಅಂದ. "ಮಾತಿಗೆ ತಪ್ಪಲಿಲ್ಲ ನೋಡಪಾ ಆಕಳಾ, ಹುಲಿಗೆ ನಾಚಿಕಿ ಆತು" ಅಂದ್ರು ಮಾವ. "ಸರಿ, ಸಾಯ್ದೇ ಇದ್ದಿದ್ರೆ ಮಾರನೇ ದಿನ ಏನ್ ತಿಂತಿತ್ತು?" ಮಾವ ಕನ್ನಡಕ ತೆಗೆದು ಒರೆಸ್ತಾ ಕೂತ್ರು. ನಂಗನ್ಸೋದು ಹಾಡಿನ ಶಕ್ತಿ ಇರೋದೇ ಅಲ್ಲಿ, ತಿಂದ್ರೆ ಪಾಪ ಅಂತ ಒಂದ್ಸಲ ಗೊತ್ತಾದ ಹುಲಿಗೆ ಮತ್ತೆ ಹುಲಿಯಾಗಿ ಬದುಕೋಕಾಗಲ್ಲ. ಆದ್ರೆ ಇದು ಒಂದೇ ಕಥೆ, ಮತ್ತೆ ಹಾಡೋರು ಬೇಕು, ನನ್ನ ಗಂಟಲಲ್ಲಿ ಅದು ಆಗೋ ಕೆಲಸ ಅಲ್ಲ.

ಪುಟ್ಟ ರಾಜಕುಮಾರ ಫ್ರೆಂಚ್ ಪೈಲಟ್ ಒಬ್ಬರ ಪುಸ್ತಕ, 1943ರಲ್ಲಿ ನ್ಯೂಯಾರ್ಕಲ್ಲಿ ಅಚ್ಚಾಗಿದ್ದು, ಚಿತ್ರಗಳೂ ಅವರದ್ದೇ. ಆನೆ ನುಂಗಿದ ಹೆಬ್ಬಾವು ದೊಡ್ಡೋರ ಕಣ್ಣಿಗೆ ಟೋಪಿ ಥರ ಕಾಣೋ ಚಿತ್ರ ಇದೆಯಲ್ಲ, ಅದಕ್ಕೆ ಮಗ ಫಿದಾ. ಇಂಗ್ಲಿಷಲ್ಲಿ ಓದ್ಕೊಂಡು ಕನ್ನಡದಲ್ಲಿ ಹೇಳ್ತಾ ಹೋದೆ. ಮಾವ ಬಿದ್ದು ಬಿದ್ದು ನಕ್ಕಿದ್ದು ನಕ್ಷತ್ರ ಎಣಿಸೋ ಬಿಸಿನೆಸ್‌ಮ್ಯಾನ್ ಹತ್ರ: 50,16,22,731 ನಕ್ಷತ್ರ ನಂದು ಅಂತಾನೆ, ಆ ನಂಬರನ್ನ ಚೀಟೀಲಿ ಬರೆದು ಡ್ರಾಯರಲ್ಲಿಟ್ಟು ಬೀಗ ಹಾಕ್ತಾನೆ, ಅದೇ ಅವನ ಬ್ಯಾಂಕು. "ಮೂವತ್ತು ವರ್ಷ ನಾ ಮಾಡಿದ್ದೂ ಇದ ಅಲ್ಲೇನು" ಅಂದ್ರು. ನರಿ ಚಾಪ್ಟರಲ್ಲಿ ನಂಗೆ ಕಣ್ಣಲ್ಲಿ ನೀರು, ಮಗ ಆಕಳಿಸ್ತಿದ್ದ. ಒಂದೇ ತಕರಾರು ನಂದು, ಮಕ್ಕಳೇ ಜಾಣರು, ದೊಡ್ಡೋರಿಗೆ ಏನೂ ತಿಳಿಯಲ್ಲ ಅಂತ ಪದೇ ಪದೇ ಹೇಳತ್ತೆ, ಬೈಸ್ಕೊಳ್ಳೋ ಖುಷಿ ಇರೋದು ನಮಗೇ, ಮಕ್ಕಳಿಗೆ ಅದು ಬೇಕೇ ಇಲ್ಲ. ಕೊನೇಲಿ ರಾಜಕುಮಾರನಿಗೆ ಹಾವು ಕಚ್ಚಿದ ಮೇಲೆ ಮಗ ಕೇಳಿದ್ದು ಇಷ್ಟೇ: "ಸತ್ನಾ ಇಲ್ವಾ, ಕರೆಕ್ಟಾಗಿ ಹೇಳು."

ಪಂಚತಂತ್ರದ ಮೊದಲ ಅನುಕೂಲ ಲೋಕಲ್ ಟ್ರೈನಲ್ಲಿ. ಭಾನುವಾರ ಮುಲುಂಡ್‌ನಿಂದ ಮಾಟುಂಗಾಕ್ಕೆ ಸ್ಲೋ ಹಿಡಿದ್ರೆ, ಅದೂ ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಇದ್ರಂತೂ ಕೇಳ್ಬೇಡಿ, ಕಥೆಯೊಳಗೊಂದು ಕಥೆ ಬಿಚ್ಕೊಳ್ತಾ ಹೋಗತ್ತೆ, ಭಾಂಡುಪ್‌ನಲ್ಲಿ ಶುರುವಾದ ಕೋತಿ ಕಥೆ ಮುಗಿಯೋದ್ರೊಳಗೆ ವಿಕ್ರೋಳೀಲಿ ಕಾಗೆ ಬಂದಿರತ್ತೆ. ಆದ್ರೆ ನಾನು ಸೋತಿದ್ದು ದಮನಕ ಅನ್ನೋ ನರಿಗೆ. ಕೆಸರಲ್ಲಿ ಸಿಕ್ಕೊಂಡು ವರ್ತಕ ಬಿಟ್ಟು ಹೋದ ಎತ್ತು ಸಂಜೀವಕ, ಅದರ ಕೂಗಿಗೆ ಹೆದರೋ ಸಿಂಹ ಪಿಂಗಳಕ, ಇಬ್ರನ್ನೂ ಫ್ರೆಂಡ್ಸ್ ಮಾಡೋನೂ ಈ ನರೀನೇ, ಆಮೇಲೆ ತನ್ನ ಸೀಟು ಹೋಯ್ತು ಅಂತ ಅಲ್ಲೊಂದು ಇಲ್ಲೊಂದು ಹೇಳಿ ಹೊಡೆದಾಡ್ಸೋನೂ ಇವನೇ. ಎತ್ತು ಸಾಯತ್ತೆ. ದಮನಕ ಮಂತ್ರಿಯಾಗಿ ಆರಾಮಾಗಿರ್ತಾನೆ! ಮಗನಿಗೆ ಕೋಪ ಬಂತು, "ಟೀಚರ್‌ಗೆ ಗೊತ್ತಾಗಲ್ವಾ?" ಅಂದ. ಅಪ್ರೈಸಲ್ ಟೈಮಲ್ಲಿ ಆಫೀಸಲ್ಲಿ ಕೂತಿರೋ ನಂಗೆ ಏನೂ ಆಶ್ಚರ್ಯ ಆಗಲಿಲ್ಲ.

ಇದೇ ಕಥೆ ಎಂಟನೇ ಶತಮಾನದಲ್ಲಿ ಅರಬ್ಬಿಗೆ ಹೋದಾಗ ಅನುವಾದ ಮಾಡಿದ ಇಬ್ನ್ ಅಲ್ ಮುಕಫ್ಫಾಗೂ ಮಗನ ಥರಾನೇ ತಡ್ಕೊಳ್ಳೋಕಾಗಿಲ್ಲ ಅನ್ಸತ್ತೆ, ನರಿಗೆ ವಿಚಾರಣೆ, ಶಿಕ್ಷೆ ಅಂತ ಒಂದು ಅಧ್ಯಾಯಾನೇ ಸೇರಿಸಿದ್ರು. ಕನ್ನಡಕ್ಕೂ 1031ರ ಸುಮಾರಿಗೇ ದುರ್ಗಸಿಂಹ ತಂದಿದ್ದ, ಅವನು ಹಿಡ್ಕೊಂಡಿದ್ದು ವಿಷ್ಣುಶರ್ಮನದ್ದಲ್ಲ, ವಸುಭಾಗಭಟ್ಟನ ಹೆಸರಲ್ಲಿರೋ ಬೇರೆ ಪಂಚತಂತ್ರ. ಹಳಗನ್ನಡ ಅದು, ನನ್ನ ಕೈಲಿ ಆಗಲ್ಲ, ಮಾವ ಒಂದೆರಡು ಪದ್ಯ ಬಿಡಿಸಿ ಹೇಳಿದ್ರು, ಮಜಾ ಇತ್ತು.

ತಗೋಳ್ಳೋರಿಗೆ ಒಂದು ಮಾತು, ವಿಷ್ಣುಶರ್ಮನ ಪಂಚತಂತ್ರದ ಪೂರ್ತಿ ಗದ್ಯಾನುವಾದ ಕೇಳಿ. ಅಂಗಡೀಲೇ ನಿಂತು ಮಿತ್ರಭೇದದ, ಅಂದ್ರೆ ದಮನಕನ ಕಥೆ ಇರೋ ಮೊದಲ ಭಾಗದ, ಕೊನೇ ಪುಟ ತೆಗೀರಿ, ನರಿ ಮಂತ್ರಿಯಾಗೇ ಉಳಿದಿದ್ರೆ ಬಿಲ್ ಮಾಡಿಸಿ, "ಕೆಟ್ಟವರಿಗೆ ಕೆಟ್ಟದ್ದೇ ಆಗುತ್ತದೆ" ಅಂತಿದ್ರೆ ವಾಪಸ್ ಇಟ್ಬಿಡಿ.